ಟೀವಿಯಲ್ಲಿ ಬಂದ ಬೇಬಿ ಆಂಟಿಯ ಕೈ

ಬೇಬಿ ಆಂಟಿಯನ್ನು ನಾನು ಮೊದಲು ಕಂಡದ್ದು ನ್ಯೂಯಾರ್ಕಿನ ಹತ್ತಿರದ ಐಸೆಲಿನ್ನಿನಲ್ಲಿ, ನಮ್ಮ ದೇಶದವರ ಅಂಗಡಿಗಳೇ ತುಂಬಿದ ಓಕ್ ಟ್ರೀ ರೋಡಿನ ಒಂದು ಸೀರೆ ಅಂಗಡಿಯ ಹಿಂದಿನ ಕೋಣೆಯಲ್ಲಿ. ಮುಂದುಗಡೆ ಕನ್ನಡಿ, ದೀಪ, ಜರಿ. ಪರದೆ ಸರಿಸಿದರೆ ಒಂದು ಹೊಲಿಗೆ ಮೆಷಿನ್ನು, ಇಸ್ತ್ರಿ ಮೇಜು, ಅದರ ನಡುವೆ ಸಣ್ಣ ಮೈಕಟ್ಟಿನ ಒಬ್ಬ ಹೆಂಗಸು. ಸೀರೆಗೆ ಫಾಲ್ ಹಚ್ಚುವುದು, ರವಿಕೆಯನ್ನು ಬಿಗಿ ಸಡಿಲ ಮಾಡಿಕೊಡುವುದು ಅವರ ಕೆಲಸ. ನನ್ನ ಅಳತೆ ತೆಗೆದುಕೊಂಡು ಚೀಟಿಯಲ್ಲಿ ನನ್ನ ಹೆಸರನ್ನು "ಮಂಜರಿ" ಎಂದು ಕನ್ನಡದಲ್ಲೇ ಬರೆದರು. ಅವರ ಹೆಸರು ಕೇಳಿದೆ.

"ಬೇಬಿ" ಅಂದರು. ನಾನು ಸ್ವಲ್ಪ ತಡವರಿಸಿದ್ದನ್ನು ನೋಡಿ, "ಆಂಟಿ ಸೇರಿಸಿಕೊಳ್ಳಿ, ಸರಿ ಹೋಗ್ತದೆ" ಎಂದರು. ಆಗ ಅವರಿಗೆ ಅರವತ್ತೈದು.

ಅವರು ಮಲ್ಪೆ ಕಡೆಯವರು. ಗಂಡ ಶಾಂತಾರಾಮ ನ್ಯೂಯಾರ್ಕಿನಲ್ಲೂ ಆಮೇಲೆ ಐಸೆಲಿನ್ನಿನಲ್ಲೂ ಹೋಟೆಲು ಅಡುಗೆ ಮಾಡಿಕೊಂಡಿದ್ದು ೨೦೦೪ರಲ್ಲಿ ತೀರಿಕೊಂಡರು. ಮಕ್ಕಳಿಲ್ಲ. ಒಂದು ಮನೆಯ ಮಹಡಿಯಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದು ಒಬ್ಬರೇ ಇದ್ದರು. ಡ್ರೈವಿಂಗ್ ಬರುತ್ತಿರಲಿಲ್ಲ. ಓಕ್ ಟ್ರೀ ರೋಡಿಗೆ ನಡೆದೇ ಬರುವ ಕೆಲವೇ ಜನರಲ್ಲಿ ಅವರೊಬ್ಬರು. ಗಂಡನ ಜೊತೆ ತುಳು ಮಾತಾಡುತ್ತಿದ್ದರಂತೆ. ಅವರು ಹೋದ ಮೇಲೆ ತುಳು ಮಾತಾಡಲು ಯಾರೂ ಇಲ್ಲ ಎಂದು ಒಮ್ಮೆ ಹೇಳಿದರು, ದೂರಿನ ಹಾಗಲ್ಲ, ಅಂಗಡಿಯಲ್ಲಿ ಕಪ್ಪು ದಾರ ಮುಗಿದಿದೆ ಅನ್ನುವ ಹಾಗೆ.

ಬ್ಯಾಂಕುಗಳು ಕುಸಿದ ೨೦೦೮ರ ದೀಪಾವಳಿಗೆ ಆ ಅಂಗಡಿಯಲ್ಲಿ ಜನವೇ ಇರಲಿಲ್ಲ. ಜನವರಿಯಲ್ಲಿ ಬಾಗಿಲು ಹಾಕಿತು. ಅದೇ ತಿಂಗಳು ಮ್ಯಾನ್‌ಹಟನ್ನಿನ ಬ್ಯಾಂಕಿನಲ್ಲಿ ನನ್ನ ಇಡೀ ಟೀಮನ್ನು ಒಂದು ಬೆಳಿಗ್ಗೆ ಕೋಣೆಗೆ ಕರೆದು ಮನೆಗೆ ಕಳಿಸಿದರು. ಒಂಬತ್ತು ವರ್ಷ ಮೆಟ್ರೋಪಾರ್ಕ್ ಸ್ಟೇಷನ್ನಿನಿಂದ ಬೆಳಿಗ್ಗೆ ಆರೂ ಐವತ್ತರ ಟ್ರೇನು ಹಿಡಿದು ಕೆಲಸಕ್ಕೆ ಹೋದವಳು ನಾನು. ಕೆಲಸ ಹೋದ ಮೇಲೂ ಅದೇ ಹೊತ್ತಿಗೆ ಎಚ್ಚರವಾಗುತ್ತಿತ್ತು. ಎದ್ದು ಮಾಡುವುದೇನು? ಅಪಾರ್ಟ್‌ಮೆಂಟಿನಲ್ಲಿ ನಾನೊಬ್ಬಳೇ. ಲ್ಯಾಪ್‌ಟಾಪ್ ಹಿಡಿದು ವುಡ್‌ಬ್ರಿಡ್ಜಿನ ಲೈಬ್ರರಿಗೆ ಹೋಗತೊಡಗಿದೆ. ಆ ಚಳಿಗಾಲದಲ್ಲಿ ಅಲ್ಲಿ ಕುರ್ಚಿ ಸಿಗುವುದೇ ಕಷ್ಟ. ಇಸ್ತ್ರಿ ಮಾಡಿದ ಷರಟು ತೊಟ್ಟ ಗಂಡಸರು ರೆಸ್ಯೂಮೆ ತಿದ್ದುತ್ತಾ, ಯಾರ ಮುಖವನ್ನೂ ನೋಡದೆ ಕೂತಿರುತ್ತಿದ್ದರು.

ಫೆಬ್ರುವರಿಯ ಒಂದು ದಿನ ಅಲ್ಲಿ ಡೀವೀಡಿಗಳ ಕಪಾಟಿನ ಎದುರು ಬೇಬಿ ಆಂಟಿ ನಿಂತಿದ್ದರು. ಕೋಟು ಬಿಚ್ಚಿರಲಿಲ್ಲ. ಕೈಯಲ್ಲಿ ಒಂದು ದಪ್ಪ ಡಬ್ಬಿ. ಅದರ ಮೇಲೆ ಬೆಳ್ಳಿ ಬಣ್ಣದ ಅಂಗಿ ತೊಟ್ಟ, ದೊಡ್ಡ ತಲೆಯ, ಕಣ್ಣು ಪಿಳುಕಿಸದ ಒಂದು ಗೊಂಬೆಯ ಚಿತ್ರ.

"ಆಂಟಿ, ನೀವಿಲ್ಲಿ?"

"ಮನೆಯಲ್ಲಿ ಕೂತು ಕೂತು ಸಾಕಾಯ್ತು. ಇಲ್ಲಿ ಬೆಚ್ಚಗೆ ಉಂಟು, ಜನ ಉಂಟು" ಎಂದರು. ಆಮೇಲೆ ಡಬ್ಬಿಯನ್ನು ನನ್ನ ಕಡೆ ತಿರುಗಿಸಿ, "ಈ ಅಂಗಿ ನಾನು ಹೊಲಿದದ್ದು" ಎಂದರು.

ನನಗೆ ಅರ್ಥವಾಗಲಿಲ್ಲ. ಏನೋ ತಪ್ಪು ತಿಳಿದುಕೊಂಡಿದ್ದಾರೆ ಅಂದುಕೊಂಡೆ. ಒಬ್ಬರೇ ಇರುವವರಿಗೆ ಹಾಗಾಗುವುದುಂಟು.

"ನೋಡಿ, ಕಾಲರಿನ ಒಳಗೆ ಒಂದು ಸಣ್ಣ ಮಡಿಕೆ ಉಂಟಲ್ಲ? ಗೊಂಬೆಯ ಕುತ್ತಿಗೆ ದಪ್ಪ ಕಾಣ್ಬಾರ್ದು ಅಂತ ಕೊಟ್ಟದ್ದು. ಅದು ನನ್ನ ಐಡಿಯಾ." ಡಬ್ಬಿಯನ್ನು ಮತ್ತೆ ತಮ್ಮ ಕಡೆ ತಿರುಗಿಸಿಕೊಂಡು, "ಇದರೊಳಗೆ ನನ್ನ ಕೈ ಸಹ ಉಂಟು. ನಾನು ನೋಡ್ಲಿಲ್ಲ ಇಷ್ಟರವರೆಗೆ. ಇದನ್ನು ಹಾಕುವ ಮೆಷಿನು ನನ್ನಲ್ಲಿ ಇಲ್ಲ" ಎಂದರು.

ನನ್ನ ಲೈಬ್ರರಿ ಕಾರ್ಡಿನಲ್ಲಿ ಡಬ್ಬಿ ತೆಗೆದುಕೊಂಡು ಅವರನ್ನು ನನ್ನ ಅಪಾರ್ಟ್‌ಮೆಂಟಿಗೆ ಕರೆದುಕೊಂಡು ಹೋದೆ. ಕಾಫಿ ಕುಡಿಯುತ್ತಾ ಅವರು ಹೇಳಿದ ಕಥೆ ಇದು.

ಮದುವೆಯಾದ ಮರುವರ್ಷ, ೧೯೬೪ರಲ್ಲಿ, ಗಂಡ ಹೆಂಡತಿ ಇಂಗ್ಲೆಂಡಿಗೆ ಹೋದರು. ಲಂಡನ್ನಿನ ಹತ್ತಿರದ ಸ್ಲೌ ಎಂಬ ಊರಿನಲ್ಲಿ ಶಾಂತಾರಾಮರಿಗೆ ಚಾಕಲೇಟ್ ಕಾರ್ಖಾನೆಯಲ್ಲಿ ಕೆಲಸ. ಐರಿಶ್ ಹೆಂಗಸೊಬ್ಬಳ ಮನೆಯ ಮೇಲಿನ ಕೋಣೆಯಲ್ಲಿ ವಾಸ. ಬೇಬಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಇಡೀ ದಿನ ಕೋಣೆಯಲ್ಲಿ ಕೂತು ತಮ್ಮದೇ ರವಿಕೆಗಳನ್ನು ಬಿಚ್ಚಿ ಮತ್ತೆ ಹೊಲಿಯುತ್ತಿದ್ದರು. ಮನೆಯೊಡತಿ ಅದನ್ನು ನೋಡಿ, ಒಂದು ದಿನ ಕೈ ಹಿಡಿದುಕೊಂಡು ಕಾರ್ಖಾನೆಗಳ ಸಾಲಿನಲ್ಲಿದ್ದ ಒಂದು ಷೆಡ್ಡಿಗೆ ಕರೆದೊಯ್ದಳು. ಒಳಗೆ ಹೋದರೆ ಗೋಡೆಯುದ್ದಕ್ಕೂ ತಂತಿಯಲ್ಲಿ ನೇತುಹಾಕಿದ ಗೊಂಬೆಗಳು. ಟೀವಿಗೆ ಬಾಹ್ಯಾಕಾಶದ ಕಥೆಗಳ ಸೀರಿಯಲ್ ಮಾಡುವ ಕಂಪೆನಿ ಅದು. ಬಟ್ಟೆ ವಿಭಾಗದ ಡೋರೀನ್ ಎಂಬಾಕೆ ಒಂದು ತುಂಡು ಬಟ್ಟೆ ಕೊಟ್ಟು ಹೊಲಿಯಲು ಸನ್ನೆ ಮಾಡಿದಳು. ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿ, ಸೋಮವಾರ ಬಾ ಅಂದಳು.

"ಗೊಂಬೆ ಅಂದ್ರೆ ಇಷ್ಟೆತ್ತರ" ಎಂದು ಆಂಟಿ ತಮ್ಮ ಮೊಣಕಾಲಿನ ಮೇಲೆ ಕೈಯಿಟ್ಟು ತೋರಿಸಿದರು. "ಗುಂಡಿ ಅಂದ್ರೆ ಸಾಸಿವೆ ಕಾಳು. ಅಲ್ಲಿ ಎಲ್ಲರೂ ಇಂಗ್ಲಿಷಿನಲ್ಲಿ ನಗ್ತಿದ್ರು, ಮಾತಾಡ್ತಿದ್ರು. ನಂಗೆ ಯಾರತ್ರ ಮಾತಾಡುದು? ಬಟ್ಟೆ ಹಾಕುವಾಗ ಆ ಗೊಂಬೆಗಳತ್ರ ತುಳುವಿನಲ್ಲಿ ಮಾತಾಡ್ತಿದ್ದೆ. ಕೈ ಎತ್ತು, ಸರಿ ನಿಲ್ಲು ಅಂತ. ಡೋರೀನಿಗೆ ಅದು ದೊಡ್ಡ ತಮಾಷೆ."

ಗೊಂಬೆಯ ಬೆರಳು ಮಡಚುವುದಿಲ್ಲ. ಕಾಗದ ಎತ್ತುವುದು, ಸ್ವಿಚ್ ಒತ್ತುವುದು ಮುಂತಾದ ಕಡೆ ಮನುಷ್ಯರ ಕೈಯನ್ನು ಹತ್ತಿರದಿಂದ ತೋರಿಸಿ ಮತ್ತೆ ಗೊಂಬೆಗೆ ಹೋಗುತ್ತಿದ್ದರಂತೆ. ಹಾಗಾಗಿ ಒಂದೇ ತೋಳನ್ನು ಎರಡು ಅಳತೆಯಲ್ಲಿ ಹೊಲಿಯಬೇಕು, ಗೊಂಬೆಗೊಂದು, ಮನುಷ್ಯರಿಗೊಂದು. ೧೯೬೬ರಲ್ಲಿ ಚಂದ್ರನ ಮೇಲಿನ ಒಂದು ಕಥೆಗೆ ನೀಲಿ ರೇಷ್ಮೆಯ, ಬಂಗಾರದ ಅಂಚಿನ ತೋಳು ಬೇಕಾಯಿತು. ದೊಡ್ಡ ತೋಳನ್ನು ಹೊಲಿದು, ಸರಿಯಿದೆಯೇ ನೋಡಲು ಬೇಬಿ ತಮ್ಮ ಕೈಗೇ ಹಾಕಿಕೊಂಡರು. ಅಷ್ಟರಲ್ಲಿ ಆ ದಾರಿಯಲ್ಲಿ ಬಂದ ಡೈರೆಕ್ಟರ್ ನಿಂತು ಆ ಕೈಯನ್ನು ನೋಡಿದ. ಡೋರೀನ್ ಹತ್ತಿರ ಏನೋ ಹೇಳಿದ. ಮರುದಿನ ಬೇಬಿಯನ್ನು ಉರಿಯುವ ದೀಪಗಳ ಕೆಳಗೆ ಕೂರಿಸಿ, ಬಳೆ ತೆಗೆಸಿ, ಒಂದು ಹಸಿರು ಚಕ್ರ ತಿರುಗಿಸಲು ಹೇಳಿದರು. ಹೇಗೆ ತಿರುಗಿಸಬೇಕೆಂದು ತಿಳಿಯದಿದ್ದಾಗ ಡೋರೀನ್ ಮಗುವನ್ನು ತೋಳಿನಲ್ಲಿ ತೂಗುವ ಹಾಗೆ ಮಾಡಿ ತೋರಿಸಿದಳು. ಅಷ್ಟು ಮೆಲ್ಲಗೆ.

"ಏಳು ಸಲ ತಿರುಗಿಸಿದೆ. ಕಡೇದು ಸರಿ ಬಂತು ಅಂದ್ರು."

ಅದು ಟೀವಿಯಲ್ಲಿ ಬರುವ ಸಂಜೆ ಇಬ್ಬರೂ ಕೆಳಗೆ ಮನೆಯೊಡತಿಯ ಕೋಣೆಯಲ್ಲಿ ಕೂತರು. ಆ ಮನೆಯ ಕರೆಂಟಿಗೆ ಶಿಲ್ಲಿಂಗ್ ನಾಣ್ಯ ತೂರಿಸಿದಷ್ಟೇ ಹೊತ್ತು ನಡೆಯುವ ಮೀಟರು. ಚಂದ್ರನ ಮೇಲೆ ಗಾಜಿನ ಊರು ಕಾಣಿಸಿಕೊಂಡಿತು, ಅಷ್ಟರಲ್ಲಿ ಕರೆಂಟು ಹೋಯಿತು. ಮೂವರ ಹತ್ತಿರವೂ ಶಿಲ್ಲಿಂಗ್ ಇಲ್ಲ. ಮನೆಯೊಡತಿ ಪಕ್ಕದ ಮನೆಗೆ ಓಡಿ ನಾಣ್ಯ ತರುವ ಹೊತ್ತಿಗೆ ಕೊನೆಯ ಹೆಸರುಗಳು ಮೇಲೆ ಹೋಗುತ್ತಿದ್ದವು.

"ನಮ್ಮ ಇವರಿಗೆ ಬೇಜಾರೋ ಬೇಜಾರು" ಎಂದರು ಆಂಟಿ. "ಆದ್ರೆ ಸಿಕ್ಕವರಿಗೆಲ್ಲ ಹೇಳ್ತಿದ್ರು. ಇಲ್ಲಿ ಬಂದ ಮೇಲೂ ಹೋಟ್ಲಿಗೆ ಬಂದವರ ಹತ್ರ, ನಮ್ಮ ಬೇಬಿಯ ಕೈ ಟೀವಿಯಲ್ಲಿ ಬಂದಿದೆ, ಚಂದ್ರನ ಮೇಲೆ ಉಸಿರು ಕಟ್ಟಿ ಸಾಯುವವರಿಗೆ ಗಾಳಿ ಬಿಟ್ಟ ಕೈ ಅದು ಅಂತ. ಅದು ಗಾಳಿಯ ಚಕ್ರ ಅಂತ ಮಾತ್ರ ನಮಗೆ ಗೊತ್ತಿದ್ದದ್ದು, ಉಳಿದ ಕಥೆ, ಇನ್ನೂರು ಜನ ಅಂತ ಲೆಕ್ಕ ಸಹ ಅವರೇ ಕೊಟ್ಟದ್ದು. ನಂಗೆ ನಾಚಿಕೆ, ಹೇಳ್ಬೇಡಿ ಅಂತಿದ್ದೆ. ಈಗ ಹೇಳುವವರಿಲ್ಲ."

ಡಬ್ಬಿಯಲ್ಲಿ ಮೂವತ್ತೊಂದು ಕಥೆಗಳಿದ್ದವು. ಯಾವುದೆಂದು ಅವರಿಗೆ ತಿಳಿಯದು. ಹೆಸರು ಓದಿ ಊಹಿಸೋಣ ಎಂದೆ. ಬೇಡ, ಮೊದಲಿಂದ ನೋಡುವ ಎಂದರು. ಹಾಗೆ ಮಧ್ಯಾಹ್ನ ಊಟವಾದ ಮೇಲೆ ಅವರನ್ನು ಕಾರಿನಲ್ಲಿ ಕರೆತರುವುದು, ದಿನಕ್ಕೆ ಎರಡು ಕಥೆ ನೋಡುವುದು, ಬೆಳಕಿರುವಾಗಲೇ ಬಿಟ್ಟು ಬರುವುದು ನಮ್ಮ ರೂಢಿಯಾಯಿತು. ಅವರು ಬರುವಾಗ ನೀರುದೋಸೆಯೋ, ಹುರುಳಿ ಸಾರೋ ಒಂದು ಡಬ್ಬಿಯಲ್ಲಿ ತರುತ್ತಿದ್ದರು. ಕಥೆಯ ಕಡೆ ಅವರ ಗಮನ ಇರುತ್ತಿರಲಿಲ್ಲ. ರಾಕೆಟ್ಟು ಸುಟ್ಟು ಬೀಳುತ್ತಿದ್ದರೆ ಅವರು, "ಆ ಪೈಲಟಿನ ಪ್ಯಾಂಟು ಡೋರೀನ್ ಹೊಲಿದದ್ದು, ನೋಡು, ಮೊಣಕಾಲಲ್ಲಿ ಸುಕ್ಕು" ಅನ್ನುವರು. ಮೂರನೆಯ ದಿನಕ್ಕೆ ನನ್ನನ್ನು ನೀನು ಅನ್ನತೊಡಗಿದ್ದರು. ಒಂದು ದಿನ ಇಂಟರ್‌ವ್ಯೂ ಇದ್ದು ನಾನು ಹೋಗಲಾಗಲಿಲ್ಲ. ಮರುದಿನ ಅವರನ್ನು ಕರೆಯಲು ಹೋದಾಗ ಕೋಟು ಹಾಕಿಕೊಂಡು ಮೆಟ್ಟಿಲ ಮೇಲೆ ಕೂತಿದ್ದರು. ಹಿಂದಿನ ದಿನವೂ ಹಾಗೇ ಕೂತಿದ್ದರೆಂದು ಕೆಳಗಿನ ಮನೆಯಾಕೆ ಹೇಳಿದಳು. ಬರುವುದಿಲ್ಲ ಎಂದು ಫೋನು ಮಾಡಿ ತಿಳಿಸಿದ್ದೆ.

"ಗೊತ್ತಿತ್ತು. ಆದ್ರೂ ಆ ಹೊತ್ತಿಗೆ ಕೋಟು ಹಾಕಿ ರೂಢಿ ಆಯ್ತಲ್ಲ" ಎಂದರು.

ಇಪ್ಪತ್ತಮೂರನೆಯ ಕಥೆ ಶುರುವಾಗಿ ಚಂದ್ರನ ಮೇಲಿನ ಗಾಜಿನ ಊರು ಬಂದಾಗ ಅವರು ಮುಂದೆ ಬಾಗಿದರು. ದುಂಡು ಗಾಜಿನ ಮನೆಗಳು, ಒಳಗೆ ಸಣ್ಣ ಮರಗಳು, ಮಕ್ಕಳ ಗೊಂಬೆಗಳು. ಆಮೇಲೆ ತಲೆಗೆ ಸೆರಗು ಹೊದ್ದ ಒಂದು ಹೆಣ್ಣು ಗೊಂಬೆ ಬಂತು. ನೀಲಿ ರೇಷ್ಮೆ, ಬಂಗಾರದ ಅಂಚು. ಕಂದು ಬಣ್ಣದ ಮುಖ, ಓರೆ ಹುಬ್ಬು. ಅದು ಭೂಮಿಯ ಯಾವುದೋ ಪೂರ್ವ ದೇಶದಿಂದ ಬಂದ ಗೂಢಚಾರಿಣಿ. ಮಾತೂ ವಿಚಿತ್ರ, ಹಾವು ಬುಸುಗುಟ್ಟಿದ ಹಾಗೆ. ಎಲ್ಲರೂ ಮಲಗಿರುವಾಗ ಅದು ಯಂತ್ರಗಳ ಕೋಣೆಗೆ ಜಾರಿತು. ನನಗೆ ಆಗಲೇ ಗೊತ್ತಾಯಿತು. ರಿಮೋಟಿನ ಮೇಲೆ ನನ್ನ ಬೆರಳಿತ್ತು, ಆದರೆ ನಿಲ್ಲಿಸಿ ಏನು ಹೇಳುವುದು?

ಕೈ ಬಂತು. ತುಂಬಿಕೊಂಡ ಬೆರಳುಗಳ, ಒಪ್ಪವಾದ ಉಗುರುಗಳ ಇಪ್ಪತ್ತಮೂರು ವರ್ಷದ ಕೈ. ಹಸಿರು ಚಕ್ರದ ಮೇಲೆ ಕೂತು ಮೆಲ್ಲಗೆ, ಬಹಳ ಮೆಲ್ಲಗೆ ಅದನ್ನು ತಿರುಗಿಸಿತು. ನಾಲ್ಕು ಸೆಕೆಂಡು. ಮರುಕ್ಷಣ ಗಾಳಿಯ ಮುಳ್ಳು ಸೊನ್ನೆಯ ಕಡೆ ಇಳಿಯಿತು. ಮಕ್ಕಳ ಗೊಂಬೆಗಳು ಮಂಚದಲ್ಲೇ ವಾಲಿದವು.

ಕಥೆ ಮುಂದೆ ಹೋಗುತ್ತಲೇ ಇತ್ತು.

"ಮತ್ತೆ ಹಾಕು" ಎಂದರು ಆಂಟಿ.

ಹಾಕಿದೆ. ಮೂರು ಸಲ ನೋಡಿದರು. ಮೂರನೆಯ ಸಲ ಟೀವಿಯ ಹತ್ತಿರ ಹೋಗಿ, ನಿಲ್ಲಿಸಿದ ಚಿತ್ರದ ಪಕ್ಕ ತಮ್ಮ ಕೈಯನ್ನು ಹಿಡಿದರು. ಗೆಣ್ಣುಗಳು ಊದಿ, ತೋರುಬೆರಳು ಸೊಟ್ಟಗಾಗಿತ್ತು. ಆ ಎರಡು ಕೈಗಳಲ್ಲಿ ಹೋಲಿಕೆ ಏನೂ ಇರಲಿಲ್ಲ. ತೋಳಿನ ಬಂಗಾರದ ಅಂಚನ್ನು ನೋಡಿ ಮಾತ್ರ "ಹೌದು, ನಂದೇ" ಎಂದರು.

"ಹಾಗಾದ್ರೆ ಗಾಳಿ ಬಂದ್ ಮಾಡಿದ್ದು ನಾನು" ಎಂದರು ಆಮೇಲೆ.

"ಆಂಟಿ, ನಿಮಗೆ ಯಾರೂ ಹೇಳಿರಲಿಲ್ಲ ಅಲ್ವಾ? ಆ ಕಂಪೆನಿಯವರು ನಿಮಗೆ ಹೇಳಬೇಕಿತ್ತು."

"ಅವರು ಸುಳ್ಳು ಹೇಳ್ಲಿಲ್ಲ. ನಾನು ಕೇಳ್ಲಿಲ್ಲ. ಕೇಳ್ಲಿಕ್ಕೆ ಭಾಷೆಯೂ ಇರ್ಲಿಲ್ಲ." ಸೋಫಾಕ್ಕೆ ಬಂದು ಕೂತರು. "ಅಷ್ಟು ಹೆಂಗಸರಿದ್ರು ಅಲ್ಲಿ. ನನ್ನ ಕೈಯನ್ನೇ ಯಾಕೆ ನೋಡಿದ್ರು ಅಂತ ನಾನು ತುಂಬ ಸಲ ಯೋಚನೆ ಮಾಡಿದ್ದುಂಟು. ಚಂದ ಉಂಟು ಅಂತ ಇರ್ಬೇಕು ಅಂದುಕೊಂಡಿದ್ದೆ."

ಚಂದ ಇತ್ತು ಎಂದೆ. ನಿಜವಾಗಿಯೂ ಇತ್ತು.

"ಪಾಪ ಇವರು" ಎಂದರು ಅವರು. "ಎಷ್ಟು ಜನರಿಗೆ ಹೇಳಿದ್ರು. ಅದರಲ್ಲಿ ಯಾರಾದ್ರೂ ಇದನ್ನು ನೋಡಿದ್ದಿರ್ಬಹುದು. ನೋಡಿಯೂ ಇವರ ಎದುರು ಸುಮ್ಮನೆ ಇದ್ದದ್ದಿರ್ಬಹುದು."

ಉಳಿದದ್ದನ್ನು ಪೂರ್ತಿ ನೋಡಲೇಬೇಕೆಂದರು. ಬೆಳ್ಳಿ ಅಂಗಿಯ ನಾಯಕ ಸಮಯಕ್ಕೆ ಬಂದು ಚಕ್ರವನ್ನು ಹಿಂದಕ್ಕೆ ತಿರುಗಿಸಿದ. ಅದಕ್ಕೂ ಒಂದು ಕೈ ಇತ್ತು, ಬಿಳಿಯದು. ಮಕ್ಕಳು ಎದ್ದು ಕೂತರು. "ಸದ್ಯ, ಯಾರೂ ಸಾಯ್ಲಿಲ್ಲ" ಎಂದರು ಆಂಟಿ. ಕೊನೆಯ ಹೆಸರುಗಳಲ್ಲಿ ಡೋರೀನಿನ ಹೆಸರು ಬಂತು. ಬೇಬಿ ಎಂಬ ಹೆಸರು ಇರಲಿಲ್ಲ. ಅವರು ಅದನ್ನು ಹುಡುಕುತ್ತಿದ್ದರೋ ಇಲ್ಲವೋ ನಾನು ಕೇಳಲಿಲ್ಲ. ಉಳಿದ ಎಂಟು ಕಥೆಗಳನ್ನು ನಾವು ನೋಡಲಿಲ್ಲ. ಮರುದಿನ ಕರೆಯಲು ಫೋನು ಮಾಡಿದೆ. ಮೈಗೆ ಹುಷಾರಿಲ್ಲ ಎಂದರು. ಅದರ ಮರುದಿನವೂ ಅದೇ ಮಾತು. ಡಬ್ಬಿಯನ್ನು ಲೈಬ್ರರಿಗೆ ಹಿಂದಿರುಗಿಸಿದೆ.

ಯುಗಾದಿ ಕಳೆದ ವಾರಾಂತ್ಯ ಅವರನ್ನು ಒತ್ತಾಯ ಮಾಡಿ ಬ್ರಿಡ್ಜ್‌ವಾಟರಿನ ದೇವಸ್ಥಾನಕ್ಕೆ ಕರೆದುಕೊಂಡು ಹೋದೆ. ದರ್ಶನ ಮುಗಿಸಿ ಕ್ಯಾಂಟೀನಿನಲ್ಲಿ ಕೂತಿದ್ದಾಗ ನನಗೆ ಗೊತ್ತಿದ್ದ ಅಲಮೇಲು ಮತ್ತು ಅವರ ಯಜಮಾನರು ಶಂಕರನಾರಾಯಣ ಸಿಕ್ಕರು. ಬೆಂಗಳೂರಿನವರು, ಒಳ್ಳೆಯ ಜನ. ಬೇಬಿ ಆಂಟಿ ಪುಳಿಯೋಗರೆಯ ಮೇಲೆ ಕಣ್ಣಿಟ್ಟು ಸುಮ್ಮನೆ ಕೂತಿದ್ದರು. ಅವರನ್ನು ಮಾತಿಗೆ ಎಳೆಯಬೇಕೆಂದು ನಾನು ಮಾಡಬಾರದ ಕೆಲಸ ಮಾಡಿದೆ. "ಆಂಟಿಯ ಕೈ ಒಂದು ಕಾಲದಲ್ಲಿ ಇಂಗ್ಲೆಂಡಿನ ಟೀವಿಯಲ್ಲಿ ಬಂದಿದೆ ಗೊತ್ತಾ?" ಅಂದುಬಿಟ್ಟೆ.

"ಹೌದಾ? ವೆರಿ ನೈಸ್. ಏನು ಮಾಡೋ ಸೀನು?" ಎಂದರು ಅಲಮೇಲು.

ಶಾಂತಾರಾಮರ ಕಥೆಯನ್ನೇ ಹೇಳಿಬಿಡೋಣ ಎಂದು ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಆಂಟಿ ತಲೆಯೆತ್ತಿ, "ಚಂದ್ರನ ಮೇಲೆ ಇದ್ದವರಿಗೆ ಗಾಳಿ ನಿಲ್ಲಿಸಿದ್ದು. ಕೆಟ್ಟವಳ ಕೈ" ಎಂದರು.

ಅಲಮೇಲು ನಕ್ಕರು, ನಗಬೇಕೋ ಬೇಡವೋ ಎಂದು ಗಂಡನ ಮುಖ ನೋಡಿದರು. ಶಂಕರನಾರಾಯಣ "ಇಂಟರೆಸ್ಟಿಂಗ್" ಎಂದು ಹೇಳಿ, ತಮ್ಮ ಫಾರ್ಮಾ ಕಂಪೆನಿಯಲ್ಲಿ ಮುಂದಿನ ಲೇಆಫ್ ಯಾರಿಗೆ ಎಂಬ ಮಾತಿಗೆ ಹೊರಳಿದರು.

ಹಿಂದಿರುಗುವಾಗ ಕಾರಿನಲ್ಲಿ ನಾನು ಕ್ಷಮೆ ಕೇಳಿದೆ.

"ನೀನು ಒಳ್ಳೇದಕ್ಕೇ ಹೇಳಿದ್ದು" ಎಂದರು. ಸ್ವಲ್ಪ ದೂರ ಹೋದ ಮೇಲೆ, "ಇವರು ಇದ್ದಿದ್ರೆ ಈಗ ಮನೆಗೆ ಹೋಗಿ ಹೇಳ್ತಿದ್ದೆ. ನೋಡಿ, ನೀವು ಹೇಳಿದ್ದು ಉಲ್ಟಾ ಅಂತ. ಅವರು ಜೋರು ನಗ್ತಿದ್ರು. ಅವರು ನಕ್ಕಿದ್ರೆ ನಂಗೂ ನಗು ಬರ್ತಿತ್ತು" ಎಂದರು.

ಆ ವರ್ಷ ಅಕ್ಟೋಬರಿನಲ್ಲಿ ನನಗೆ ದಕ್ಷಿಣಕ್ಕೆ ದೂರದ ಶಾರ್ಲಟ್ ಎಂಬ ಊರಿನಲ್ಲಿ ಕೆಲಸ ಸಿಕ್ಕಿತು. ಹೊರಡುವ ದಿನ ಅವರು ನನ್ನ ಎರಡು ಕೋಟುಗಳ ಸಡಿಲ ಗುಂಡಿಗಳನ್ನು ಗಟ್ಟಿ ಮಾಡಿಕೊಟ್ಟರು. ಮೊದಮೊದಲು ಪ್ರತಿ ಭಾನುವಾರ ಫೋನು ಮಾಡುತ್ತಿದ್ದೆ. ಆಮೇಲೆ ತಿಂಗಳಿಗೊಮ್ಮೆ. ಆಮೇಲೆ ಹಬ್ಬಕ್ಕೆ. ಫೋನು ಮಾಡಿದಾಗಲೆಲ್ಲ ಮೊದಲ ಗಂಟೆಗೇ ಎತ್ತುತ್ತಿದ್ದರು. ಮೆಟಚನ್ನಿನ ಒಂದು ಡ್ರೈ ಕ್ಲೀನರ್ ಅಂಗಡಿಯಲ್ಲಿ ಬಟ್ಟೆ ಸರಿಪಡಿಸುವ ಕೆಲಸ ಸಿಕ್ಕಿದೆ ಎಂದರು. ಯಜಮಾನಿ ಕೊರಿಯಾದವಳು. "ಅವಳ ಭಾಷೆ ನಂಗೆ ಬರುದಿಲ್ಲ, ನಂದು ಅವಳಿಗೆ ಬರುದಿಲ್ಲ. ಒಳ್ಳೆಯವಳು. ಮಧ್ಯಾಹ್ನ ಹಣ್ಣು ಹೆಚ್ಚಿ ಕೊಡ್ತಾಳೆ" ಎಂದರು.

೨೦೧೧ರ ನವೆಂಬರಿನಲ್ಲಿ ಆಫೀಸಿನ ಕೆಲಸದ ಮೇಲೆ ನ್ಯೂಯಾರ್ಕಿಗೆ ಹೋದವಳು ಭಾನುವಾರ ಒಂದು ದಿನ ಉಳಿದುಕೊಂಡೆ. ಓಕ್ ಟ್ರೀ ರೋಡಿನಲ್ಲಿ ಇಬ್ಬರೂ ಊಟ ಮಾಡಿದೆವು. ಅವರು ಇನ್ನೂ ಸಣ್ಣಗಾಗಿದ್ದರು. ಸೀರೆ ಅಂಗಡಿಯಿದ್ದ ಕಡೆ ಫೋನ್ ಅಂಗಡಿ ಬಂದಿತ್ತು. ಗೊಂಬೆಗಳ ಮಾತನ್ನು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನನ್ನ ಕೆಲಸ, ಅಲ್ಲಿಯ ಹವೆ, ಊಟಕ್ಕೆ ಏನು ಮಾಡಿಕೊಳ್ಳುತ್ತೀಯ ಎಂದೆಲ್ಲ ಕೇಳಿದರು. ನಾಲ್ಕು ಗಂಟೆಯ ಹೊತ್ತಿಗೆ ಹೊರಗೆ ಬಂದೆವು. ಬಿಸಿಲು ಆಗಲೇ ಇಳಿದಿತ್ತು.

"ಬನ್ನಿ ಆಂಟಿ, ಮನೆಗೆ ಬಿಡ್ತೀನಿ" ಎಂದು ಬಾಡಿಗೆ ಕಾರಿನ ಬಾಗಿಲು ತೆಗೆದೆ.

"ನೀನು ಹೋಗು, ನಿಂಗೆ ಫ್ಲೈಟ್ ಉಂಟಲ್ಲ. ನಾನು ಸ್ವಲ್ಪ ಅಂಗಡಿ ನೋಡಿಕೊಂಡು ನಡೀತೇನೆ" ಎಂದರು. "ಈಗಲೇ ಮನೆ ಸೇರಿದ್ರೆ ಸಂಜೆ ತುಂಬ ಉದ್ದ ಆಗ್ತದೆ."

ಫ್ಲೈಟು ಒಂಬತ್ತಕ್ಕಿತ್ತು. ನಾನು ಕಾರನ್ನು ಲಾಕ್ ಮಾಡಿ ಅವರ ಜೊತೆ ನಡೆದೆ. ಒಂದು ಕಿರಾಣಿ ಅಂಗಡಿಗೆ ಹೋಗಿ ಬೇಳೆ, ಬೆಲ್ಲ, ಅವಲಕ್ಕಿ ಎಲ್ಲವನ್ನೂ ಕೈಗೆತ್ತಿ ನೋಡಿ, ಒಂದು ಕಟ್ಟು ಕೊತ್ತಂಬರಿ ಕೊಂಡರು. ಪಕ್ಕದ ಅಂಗಡಿಗೂ ಹೋದೆವು. ಅಲ್ಲಿ ಏನೂ ಕೊಳ್ಳಲಿಲ್ಲ. ಆರು ಗಂಟೆಗೆ ಅವರ ಮನೆಯ ಮೆಟ್ಟಿಲ ಹತ್ತಿರ ನಿಂತು, ಇನ್ನು ಹೊರಡು ಎಂದು ಅವರೇ ಹೇಳಿದರು.